ಗೇರ್‌ಬಾಕ್ಸ್ ಇಳಿಸಲು ಬಿಡುವ ಮೊದಲು ಕೋಡ್ ಕೇಳಿ: ಪುಣೆಯಲ್ಲಿ ನಮ್ಮ ಭಾವನವರಿಗೆ ಆದದ್ದು

ಪುಣೆ, ಪಿಂಪ್ರಿ, ಚಿಂಚ್‌ವಾಡ ಕಡೆ ಹಳೆಯ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡಿರುವ ನಮ್ಮವರು ದಯವಿಟ್ಟು ಪೂರ್ತಿ ಓದಿ. ಗ್ಯಾರೇಜಿನಲ್ಲಿ ‘ಗಿಯರ್‌ಬಾಕ್ಸ್ ಗೇಲಾ ಸಾಹೇಬ್’ (ಗೇರ್‌ಬಾಕ್ಸ್ ಹೋಯಿತು) ಅಂದ ಕೂಡಲೇ ಒಪ್ಪಿಕೊಳ್ಳಬೇಡಿ. ಗೇರ್‌ಬಾಕ್ಸನ್ನು ನಡೆಸುವ ಟ್ರಾನ್ಸ್‌ಮಿಷನ್ ಕಂಪ್ಯೂಟರಿನಲ್ಲಿ ಯಾವ ಕೋಡ್ (ದೋಷ ತೋರಿಸುವ ಸಂಖ್ಯೆ) ಇದೆ ಎಂದು ಕಣ್ಣಾರೆ ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಲು ಬಿಡಬೇಡಿ.

ಭಾವನವರದು 2011ರ ಪೆಟ್ರೋಲ್ ಸೆಡಾನ್, 4 ಸ್ಪೀಡಿನ ಆಟೋಮ್ಯಾಟಿಕ್. ಹೋದ ಮಳೆಗಾಲದಲ್ಲಿ ಅಕ್ಕ, ಭಾವ ಧಾರವಾಡಕ್ಕೆ ಹೊರಟಿದ್ದರು. ಖಂಬಾಟ್ಕಿ ಘಾಟು ಏರುವಾಗ ಗಾಡಿ ಒಮ್ಮೆ ಜಗ್ಗಿ, ಚೆಕ್ ಎಂಜಿನ್ ದೀಪ ಹತ್ತಿತು. ಅಲ್ಲಿಂದ ಮುಂದೆ ಎಂಜಿನ್ ಬರೀ ಕೂಗುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗುವುದು, ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ ಪಾಡು. ಕೊನೆಗೆ ಫ್ಲಾಟ್‌ಬೆಡ್ (ಇಡೀ ಕಾರನ್ನು ಮೇಲೆ ಹೇರಿಕೊಂಡು ಹೋಗುವ ಲಾರಿ) ತರಿಸಿ ಪುಣೆಗೆ ವಾಪಸ್ ಬಂದರು. (ಇಂಥ ಗಾಡಿಗೆ ಫ್ಲಾಟ್‌ಬೆಡ್ಡೇ ಕೇಳಿ. ಎಂಜಿನ್ ಆಫ್ ಇದ್ದರೆ ಗೇರ್‌ಬಾಕ್ಸಿನ ಪಂಪ್ ತಿರುಗುವುದಿಲ್ಲ, ಒಳಗೆ ಆಯಿಲ್ ಓಡುವುದಿಲ್ಲ. ಎಳೆಯುವ ಚಕ್ರಗಳನ್ನು ನೆಲದ ಮೇಲೆ ಉರುಳಿಸಿಕೊಂಡು ದೂರ ಒಯ್ದರೆ ಚೆನ್ನಾಗಿದ್ದದ್ದೂ ಸುಟ್ಟುಹೋಗುತ್ತದೆ.)

ಕೀ ಆಫ್ ಮಾಡಿದರೆ ಸರಿಯಾಗುತ್ತಿತ್ತು ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಸೆನ್ಸರಿನಿಂದಲೋ ವೈರಿಂಗಿನಿಂದಲೋ ತಪ್ಪು ಸಿಗ್ನಲ್ ಬಂದರೆ, ಗೇರ್‌ಬಾಕ್ಸ್ ಕೆಡದಿರಲಿ ಎಂದು ಕಂಪ್ಯೂಟರ್ ಅದನ್ನು ಒಂದೇ ಗೇರಿನಲ್ಲಿ ಹಿಡಿದಿಡುತ್ತದೆ. ಇಂಥ 4 ಸ್ಪೀಡಿನ ಗಾಡಿಗಳಲ್ಲಿ ಸಾಮಾನ್ಯವಾಗಿ 3ನೇ ಗೇರು. ಲಿಂಪ್ ಮೋಡ್ ಅನ್ನುವುದು ಇದಕ್ಕೇ. ನಿಂತಲ್ಲಿಂದ 3ನೇ ಗೇರಿನಲ್ಲಿ ಹೊರಟರೆ ಯಾವ ಗಾಡಿಯಾದರೂ ಕೂಗುತ್ತದೆ, ಕ್ಲಚ್ ಪ್ಲೇಟ್ ಸವೆದುಹೋಗಿದೆ ಅಂತಲೇ ಅನಿಸುತ್ತದೆ. ಆದರೆ ಸವೆದ ಪ್ಲೇಟ್ ಕೀ ಆಫ್ ಮಾಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಭಾವ ಗ್ಯಾರೇಜಿನಲ್ಲಿ ಈ ಲಕ್ಷಣವನ್ನು ಬಿಡಿಸಿ ಬಿಡಿಸಿ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋಡ್ ಓದುವ ಅಂಗೈಯಗಲದ ಸ್ಕ್ಯಾನರ್ ಹಾಕಿ ಪಿ0700 ಎಂದು ತೋರಿಸಿದರು. ಆ ಕೋಡ್‌ನಿಂದ ಯಾವ ಭಾಗ ಕೆಟ್ಟಿದೆ ಅನ್ನುವುದು ತಿಳಿಯುವುದೇ ಇಲ್ಲ. ಟ್ರಾನ್ಸ್‌ಮಿಷನ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಅಲ್ಲಿ ನೋಡಿ ಅನ್ನುವುದಷ್ಟೇ ಅದರ ಅರ್ಥ. ಅಲ್ಲಿ ಓದಲು ಅವರ ಸ್ಕ್ಯಾನರಿಗೆ ಆಗುತ್ತಿರಲಿಲ್ಲ. ಆಮೇಲೆ ನಮ್ಮನ್ನು ಒಂದು ಮಾತೂ ಕೇಳದೆ ಗೇರ್‌ಬಾಕ್ಸ್ ಇಳಿಸಿದರು. ನಾವು ಹೋದಾಗ ಆಯಿಲ್ ಪ್ಯಾನಿನ ಮ್ಯಾಗ್ನೆಟ್ ಮೇಲಿದ್ದ ಬೂದು ಬಣ್ಣದ ಪೇಸ್ಟನ್ನು ಬೆರಳಿಗೆ ಹಚ್ಚಿ ತೋರಿಸಿ, ಒಳಗೆಲ್ಲ ಸವೆದಿದೆ, 85 ಸಾವಿರ ಆಗುತ್ತದೆ ಎಂದರು. ಇಷ್ಟು ಹಳೆಯ ಗಾಡಿಯಲ್ಲಿ ಆ ನುಣ್ಣನೆಯ ಪೇಸ್ಟ್ ಇರುವುದು ಸಹಜ. ಲೋಹದ ಚೂರು, ಪ್ಲೇಟಿನ ಕಪ್ಪು ಹುಡಿ ಕಂಡರೆ ಹೆದರಬೇಕು. ಅದೊಂದೂ ಅಲ್ಲಿರಲಿಲ್ಲ. ಓವರ್‌ಹಾಲ್ (ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ ರಿಪೇರಿ ಮಾಡುವುದು) ಬೇಡ ಅಂದದ್ದಕ್ಕೆ ಇಳಿಸಿ ಕೂರಿಸಿದ ಮಜೂರಿ ವಸೂಲಿ ಮಾಡಿಯೇ ಗಾಡಿ ಬಿಟ್ಟರು. ದೋಷ ಇದ್ದ ಹಾಗೇ ಇತ್ತು.

ಆಮೇಲೆ ಚಿಂಚ್‌ವಾಡದಲ್ಲಿ ನಮ್ಮ ವಿಜಯಪುರ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರು. ‘ತಡೀರಿ ಸರ, ಮೊದ್ಲ ಕೋಡ್ ನೋಡೂಣು’ ಎಂದು ದೊಡ್ಡ ಸ್ಕ್ಯಾನರ್ ಹಾಕಿದರು. ಪಿ0715, ಅಂದರೆ ಗೇರ್‌ಬಾಕ್ಸಿನೊಳಗೆ ಬರುವ ತಿರುಗುವಿಕೆಯ ವೇಗ ಅಳೆಯುವ ಇನ್‌ಪುಟ್ ಸ್ಪೀಡ್ ಸೆನ್ಸರಿನ ಸರ್ಕ್ಯೂಟ್. ಬ್ಯಾಟರಿ ಟ್ರೇ ತೆಗೆದು ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದರು. ವೈರನ್ನು ಒಂದು ಕಡೆ ಬಾಗಿಸಿದರೆ ವೋಲ್ಟೇಜ್ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಕನೆಕ್ಟರ್ ಬಿಚ್ಚಿದರೆ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ರಬ್ಬರ್ ಸೀಲ್ ಹರಿದಿತ್ತು. ‘ಗೇರ್‌ಬಾಕ್ಸಿಗಿ ಏನೂ ಆಗಿಲ್ರಿ, ನೀರು ಹೊಕ್ಕೈತಿ’ ಅಂದರು. ಪಿನ್ನು, ಸೀಲು ಬದಲಾಯಿಸಿದರು. ಓವರ್‌ಹಾಲಿಗೆ ಕೇಳಿದ ಹಣದ ಮುಂದೆ ಇವರ ಬಿಲ್ಲು ಏನೇನೂ ಅಲ್ಲ. ಅದೇ ಗಾಡಿಯಲ್ಲಿ ಅಕ್ಕ, ಭಾವ ದೀಪಾವಳಿಗೆ ಧಾರವಾಡಕ್ಕೆ ಹೋಗಿ ಬಂದರು.

ಎಲ್ಲರ ಗಾಡಿಯದೂ ವೈರಿಂಗೇ ಎಂದು ನಾನು ಹೇಳುತ್ತಿಲ್ಲ. ಗೇರ್‌ಬಾಕ್ಸ್ ನಿಜವಾಗಿಯೂ ಕೆಡುತ್ತದೆ, ಕೆಟ್ಟರೆ ಆಯಿಲಿನಲ್ಲಿ ಗುರುತು ಸಿಗುವುದುಂಟು. ಕಂದು ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಪ್ಲೇಟು ಸುಟ್ಟಿರಬಹುದು. ಹಾಲು ಬೆರೆಸಿದ ಹಾಗೆ ಗುಲಾಬಿಯಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲಂಟ್ ಸೇರಿದೆ; ಆಗ ಗಾಡಿಯನ್ನು ಸ್ಟಾರ್ಟ್ ಕೂಡ ಮಾಡಬೇಡಿ. ಆಯಿಲ್ ಲೆವೆಲ್ ನೋಡುವ ರೀತಿ ಒಂದೊಂದು ಗಾಡಿಗೆ ಒಂದೊಂದು ಥರ, ಮ್ಯಾನ್ಯುಯಲ್ ನೋಡಿಯೇ ಮಾಡಿಸಿ. ಸಿವಿಟಿ (ಗೇರಿನ ಬದಲು ಬೆಲ್ಟಿನಿಂದ ಓಡುವ ಆಟೋಮ್ಯಾಟಿಕ್) ಗಾಡಿಗೆ ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕಿದರೆ ಬೆಲ್ಟು ಜಾರಿ ಹಾಳಾಗುತ್ತದೆ, ಡಬ್ಬ ಒಡೆಯುವಾಗ ಪಕ್ಕದಲ್ಲೇ ನಿಂತಿರಿ. ಇನ್ನೊಂದು ವಿಷಯ: ಸ್ಕ್ಯಾನ್ ಆಗುವ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಲು ಬಿಡಬೇಡಿ. ಕೆಲವು ಹಳೆಯ ಗಾಡಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ, ಆಮೇಲೆ ಗ್ಯಾರೇಜಿನವರು ಹೇಳಿದ್ದನ್ನೇ ನಂಬಬೇಕಾಗುತ್ತದೆ. ಕೋಡ್ ಕಂಡ ಕೂಡಲೇ ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ. ‘ಕೇಳದೆ ಏನನ್ನೂ ಬಿಚ್ಚಬಾರದು’ ಎಂದು ಜಾಬ್ ಕಾರ್ಡಿನ ಮೇಲೆ ಬರೆಸಿ.

ಅನುಮತಿಯಿಲ್ಲದೆ ಗೇರ್‌ಬಾಕ್ಸ್ ಇಳಿಸಿ ದುಡ್ಡು ಕಿತ್ತದ್ದಕ್ಕೆ ಭಾವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದಾರೆ, ಬಿಲ್ಲು, ಫೋಟೊ ಎಲ್ಲ ಲಗತ್ತಿಸಿದ್ದಾರೆ. ಉತ್ತರ ಬಂದ ಮೇಲೆ ತಿಳಿಸುತ್ತೇನೆ.