ಟ್ರಕಿಯಾಸ್ಟಮಿ ಟ್ಯೂಬನ್ನು ಮನೆಯಲ್ಲೇ ಬದಲಿಸಲು ಒಪ್ಪುವ ಮುನ್ನ

ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ನನ್ನ ತಂದೆಯವರಿಗೆ ಮಂಗಳೂರಿನಲ್ಲಿ ಟ್ರಕಿಯಾಸ್ಟಮಿ, ಅಂದರೆ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಉಸಿರಾಟದ ಟ್ಯೂಬು ಹಾಕುವ ಶಸ್ತ್ರಚಿಕಿತ್ಸೆ, ಮಾಡಿದ್ದರು. ಮೊದಲ ಟ್ಯೂಬನ್ನು ಆಸ್ಪತ್ರೆಯವರೇ ಬದಲಿಸಿ ಕಳುಹಿಸಿದರು. ಎರಡನೆಯ ಬಾರಿಗೆ, ಬದಿಯಡ್ಕದ ಸಮೀಪದ ನಮ್ಮ ಮನೆಯಿಂದ ತಲಪಾಡಿ ದಾಟಿ ಅವರನ್ನು ಮತ್ತೆ ಅಷ್ಟು ದೂರ ಒಯ್ಯುವುದು ಬೇಡವೆಂದು, ಮನೆಯಲ್ಲಿದ್ದ ಹೋಂ ನರ್ಸ್ ತಾನೇ ಬದಲಿಸುವೆನೆಂದಾಗ ನಾನು ಒಪ್ಪಿದೆ. ಆ ಒಪ್ಪಿಗೆಯೇ ತಪ್ಪಾಯಿತು.

ಹಳೆಯ ಟ್ಯೂಬನ್ನು ತೆಗೆದೊಡನೆ ತಂದೆಯವರಿಗೆ ಬಲವಾದ ಕೆಮ್ಮು ಬಂತು. ಅದು ನಿಲ್ಲುವಷ್ಟರಲ್ಲಿ ರಂಧ್ರ ಕುಗ್ಗಿತ್ತು. ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿರಲಿಲ್ಲ. ಟ್ಯೂಬಿನೊಳಗಿರಿಸಿ ದಾರಿ ತೋರಿಸುವ, ತುದಿ ಮೊಂಡಾದ ಆಬ್ಟುರೇಟರನ್ನೂ ಬಳಸಲಿಲ್ಲ. ತಡೆ ಸಿಕ್ಕರೂ ಒತ್ತಿ ತೂರಿಸಿದ ಹೊಸ ಟ್ಯೂಬು ಒಳಗೆ ಹೋಯಿತು, ಪಟ್ಟಿಯನ್ನೂ ಕಟ್ಟಿಯಾಯಿತು. ಆದರೆ ಟ್ಯೂಬಿನ ಬಾಯಿಗೆ ಅಂಗೈ ಹಿಡಿದರೆ ಉಸಿರು ತಾಗುತ್ತಿರಲಿಲ್ಲ. ಕಫ ಹೀರುವ ನಳಿಕೆ ಸ್ವಲ್ಪ ಒಳಗೆ ಹೋಗಿ ನಿಂತುಬಿಟ್ಟಿತು. ಆಕ್ಸಿಮೀಟರಿನಲ್ಲಿ 95 ಇದ್ದದ್ದು 72ಕ್ಕೆ ಇಳಿಯಿತು. ಕುತ್ತಿಗೆಯ ಚರ್ಮ ಊದಿಕೊಂಡಿತು, ಬೆರಳಿಟ್ಟರೆ ಹಸಿ ಮರಳನ್ನು ಒತ್ತಿದಂತೆ ಕರಕರ ಎನ್ನುತ್ತಿತ್ತು. ಟ್ಯೂಬು ಶ್ವಾಸನಾಳಕ್ಕೆ ಹೋಗದೆ ಅದರ ಮುಂದಿನ ಮಾಂಸದಲ್ಲಿ ಸಿಲುಕಿತ್ತು. ಗಾಳಿ ಚರ್ಮದಡಿಗೆ ನುಗ್ಗುತ್ತಿತ್ತು.

ಫೋನಿನಲ್ಲಿ ಸಿಕ್ಕ ಡ್ಯೂಟಿ ವೈದ್ಯರು ಟ್ಯೂಬನ್ನು ಕೂಡಲೇ ತೆಗೆದು, ರಂಧ್ರವನ್ನು ಗಾಜ್ ಬಟ್ಟೆಯಿಂದ ಒತ್ತಿ ಮುಚ್ಚಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕುವಂತೆ ಹೇಳಿದರು. ತಂದೆಯವರ ಗಂಟಲಿನ ಮೇಲ್ಭಾಗ ತೆರೆದಿದ್ದುದರಿಂದ ಅದು ಫಲಿಸಿತು. ಗಂಟಲಿನಲ್ಲಿ ಗಡ್ಡೆ ಅಡ್ಡವಿರುವವರಿಗೆ, ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಇದು ಉಪಯೋಗಕ್ಕೆ ಬಾರದು. ಅಂಥವರಿಗೆ ಏನು ಮಾಡಬೇಕೆಂಬುದನ್ನು ಮನೆಗೆ ಬರುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ಕಾಸರಗೋಡಿನ ಆಸ್ಪತ್ರೆಯಲ್ಲಿ ಒಂದು ಅಳತೆ ಚಿಕ್ಕದಾದ ಟ್ಯೂಬನ್ನು ಹಾಕಿದ ಮೇಲೆಯೇ ಉಸಿರು ನೆಟ್ಟಗಾಯಿತು. ಐದು ದಿನ ಐಸಿಯುವಿನಲ್ಲಿರಬೇಕಾಯಿತು.

ಅದೇ ಅಳತೆಯ ಮತ್ತು ಒಂದು ಅಳತೆ ಚಿಕ್ಕ ಟ್ಯೂಬು, ಕೆಲಸ ಮಾಡುವ ಸಕ್ಷನ್ ಯಂತ್ರ, ತುಂಬಿದ ಆಕ್ಸಿಜನ್ ಸಿಲಿಂಡರ್, ಇದರಲ್ಲಿ ಪಳಗಿದ ಇಬ್ಬರು, ಇಷ್ಟಿಲ್ಲದೆ ಟ್ಯೂಬನ್ನು ಬದಲಿಸಲು ಯಾರಿಗೂ ಬಿಡಬೇಡಿ. ಟ್ಯೂಬು ಒಳಗೆ ಹೋದದ್ದನ್ನು ಕಂಡು ಸಮಾಧಾನಪಡಬೇಡಿ. ಉಸಿರು ಕೈಗೆ ತಾಗಬೇಕು, ಕಫದ ನಳಿಕೆ ಸರಾಗವಾಗಿ ಇಳಿಯಬೇಕು. ಈಗ ನಾವು ಮಂಗಳೂರಿಗೇ ಹೋಗುತ್ತೇವೆ. ಎರಡು ಟ್ಯೂಬುಗಳೂ ಆಬ್ಟುರೇಟರೂ ಇರುವ ಬಟ್ಟೆಯ ಚೀಲವನ್ನು ತಂದೆಯವರ ಮಂಚದ ಕಾಲಿಗೆ ಕಟ್ಟಿದ್ದೇವೆ, ಆಂಬುಲೆನ್ಸಿಗೂ ಅದು ಅವರ ಜೊತೆಗೇ ಏರುತ್ತದೆ.