ಪೋವಿಸ್ ಕ್ಯಾಸಲ್: ಶ್ರೀರಂಗಪಟ್ಟಣದ ಡೇರೆ ವೇಲ್ಸ್‌ಗೆ ಸೇರಿದ್ದು ಹೇಗೆ?

ಬ್ರಿಟನ್ನಿಗೆ ಹೋದ ಕನ್ನಡಿಗರು ಟಿಪ್ಪುವಿನ ವಸ್ತುಗಳನ್ನು ಹುಡುಕುವುದು ಲಂಡನ್ನಿನಲ್ಲಿ. ವೇಲ್ಸ್‌ನ ವೆಲ್ಷ್‌ಪೂಲ್ ಪಕ್ಕದ ಪೋವಿಸ್ ಕ್ಯಾಸಲ್ ಎಂಬ ಕೋಟೆಗೂ ಒಂದು ದಿನ ಎತ್ತಿಡಿ, ಖಂಡಿತ ಸಾರ್ಥಕ: ಟಿಪ್ಪುವಿನ ಡೇರೆ ಇರುವುದು ಅಲ್ಲಿನ ಮ್ಯೂಸಿಯಂನಲ್ಲಿ. ಆದರೆ ಹೆನ್ರಿಯೆಟ್ಟಾ ಹರ್ಬರ್ಟ್ ಯಾರೆಂದು ತಿಳಿದು ಹೋಗಬೇಕು. ಇಲ್ಲವಾದರೆ ಇದನ್ನು ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮನೆ ಎಂದುಕೊಂಡೇ ಹೊರಬರುತ್ತೀರಿ. ಇದು ಅವನ ಮನೆಯಾಗಿರಲೇ ಇಲ್ಲ. ಕ್ಲೈವ್ ಕುಟುಂಬಕ್ಕೂ ಕೋಟೆಗೂ ನಂಟು ಕೂಡಿದ್ದು ಅವನು ಸತ್ತು ಹತ್ತು ವರ್ಷಗಳ ನಂತರ, ಒಂದು ಮದುವೆಯಿಂದ.

ಹೆನ್ರಿಯೆಟ್ಟಾ (1758–1830) ಪೋವಿಸ್ ಅರ್ಲ್‌ನ (ಅರ್ಲ್ ಎಂಬುದು ಬ್ರಿಟನ್ನಿನ ಒಂದು ಕುಲೀನ ಬಿರುದು) ಮಗಳು. ಹರ್ಬರ್ಟ್ ಮನೆತನಕ್ಕೆ ಬಿರುದಿತ್ತು, ಕೋಟೆಯಿತ್ತು, ಜೊತೆಗೆ ತೀರದ ಸಾಲವೂ ಇತ್ತು. ಕ್ಲೈವ್ ಮನೆಯಲ್ಲಿ ಹಣವಿತ್ತು, ಹಳೆಯ ಕುಲಗೌರವ ಇರಲಿಲ್ಲ. 1784ರಲ್ಲಿ ಆಕೆ ರಾಬರ್ಟನ ಹಿರಿಯ ಮಗ ಎಡ್ವರ್ಡ್‌ನನ್ನು ಮದುವೆಯಾದಳು. 1801ರಲ್ಲಿ ಆಗಿನ ಅರ್ಲ್ ಆಗಿದ್ದ ಆಕೆಯ ಅಣ್ಣ ಮದುವೆಯಾಗದೇ ತೀರಿಕೊಂಡಾಗ ಆಸ್ತಿ ಆಕೆಯ ಕೈಗೆ ಬರಲಿಲ್ಲ, ಹೆಸರು ಬದಲಿಸಿಕೊಳ್ಳುವ ಷರತ್ತಿನ ಮೇಲೆ ಆಕೆಯ ಮಗನಿಗೆ ಹೋಯಿತು. 1807ರಲ್ಲಿ ಮಗ ಕ್ಲೈವ್ ಹೋಗಿ ಹರ್ಬರ್ಟ್ ಆದ. ಅಷ್ಟರಲ್ಲಿ, 1804ರಲ್ಲಿ, ಅರ್ಲ್ ಬಿರುದು ಗಂಡನಿಗೆ ಸಿಕ್ಕಿತ್ತು.

ನಮಗೆ ಮುಖ್ಯವಾಗುವುದು ನಡುವಿನ ವರ್ಷಗಳು. 1798ರಲ್ಲಿ ಎಡ್ವರ್ಡ್ ಮದ್ರಾಸಿನ ಗವರ್ನರ್ ಆಗಿ ಬಂದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪುವಿನ ವಸ್ತುಗಳು ಬ್ರಿಟಿಷರ ಪಾಲಾದವು; ಡೇರೆಯೂ ಸೇರಿ ಕೆಲವು ಈ ದಂಪತಿಯ ಮೂಲಕ ಪೋವಿಸ್ ಸೇರಿದವು. 1800ರ ಮಾರ್ಚಿನಿಂದ ಅಕ್ಟೋಬರಿನವರೆಗೆ ಹೆನ್ರಿಯೆಟ್ಟಾ ಗಂಡನನ್ನು ಮದ್ರಾಸಿನಲ್ಲೇ ಬಿಟ್ಟು, ಇಬ್ಬರು ಹೆಣ್ಣುಮಕ್ಕಳು ಮತ್ತು ಇಟಲಿಯ ಚಿತ್ರಕಾರ್ತಿ ಆನಾ ತೊನೆಲ್ಲಿ ಜೊತೆ ಬೆಂಗಳೂರು, ಶ್ರೀರಂಗಪಟ್ಟಣ, ಕೊಯಮತ್ತೂರು, ತಂಜಾವೂರು ಸುತ್ತಿದಳು. ಗಿಡ, ಕಲ್ಲು, ಚಿಪ್ಪು ಕೂಡಿಟ್ಟಳು, ಪರ್ಷಿಯನ್ ಕಲಿತಳು. ಈ ವಸ್ತುಗಳನ್ನು ಇಟ್ಟಿರುವ ಕೋಟೆಯೊಳಗಿನ ಮ್ಯೂಸಿಯಂಗೆ ಕ್ಲೈವ್ ಎಂದು ಹೆಸರಿಟ್ಟಿರುವುದು ನನಗೆ ಸರಿಕಾಣುವುದಿಲ್ಲ. ಟಿಪ್ಪುವಿನ ವಸ್ತುಗಳಿಗೆ ಸಂಬಂಧಿಸಿದಂತೆ ಆ ಹೆಸರು ಜನರನ್ನು ತಪ್ಪು ಕ್ಲೈವ್‌ನತ್ತ ಕಳಿಸುತ್ತದೆ, ಹೆನ್ರಿಯೆಟ್ಟಾಳನ್ನು ಮರೆಮಾಡುತ್ತದೆ.

ಒಳಗೆ ಮೊದಲು ಜೋಶುವಾ ರೆನಾಲ್ಡ್ಸ್ ಬರೆದ ಆಕೆಯ ಭಾವಚಿತ್ರ ನೋಡಿ, ಆಮೇಲೆ ಮ್ಯೂಸಿಯಂ. ಬೆಳಕು ಮಂದ, ಬೇಕೆಂದೇ ಹಾಗಿಟ್ಟಿದ್ದಾರೆ: ಹತ್ತಿ ಬಟ್ಟೆಯ ಬಣ್ಣ ಬೆಳಕಿಗೆ ಮಾಸುತ್ತದೆ, ಮಾಸಿದ್ದು ಮರಳದು. ಎರಡು ನಿಮಿಷ ಸುಮ್ಮನೆ ನಿಂತು ಕಣ್ಣು ಹೊಂದಿಕೊಂಡ ಮೇಲೆ ಟಿಪ್ಪುವಿನ ಡೇರೆಯ ಬಿಳಿ ನೆಲದ ಮೇಲಿನ ಹೂದಾನಿ, ಬಳ್ಳಿಗಳು ಒಂದೊಂದೇ ಕಾಣುತ್ತವೆ. ಬಟ್ಟೆ 1725–50ರ ಸುಮಾರಿನದೆಂದು ತಜ್ಞರ ಅಂದಾಜು, ಅಂದರೆ ಟಿಪ್ಪು ಹುಟ್ಟುವುದಕ್ಕೂ ಮೊದಲಿನದು. ಇಂಥ ಡೇರೆಯನ್ನು ಈ ಮನೆಯವರು ತೋಟದ ಕೂಟಗಳಿಗೆ ಚಪ್ಪರವಾಗಿ ಬಳಸಿದ್ದರೆಂಬುದು ಸಂಕಟದ ಸಂಗತಿ. ಟಿಪ್ಪುವಿನ ಎಂಟು ಮೂಲೆಯ ಸಿಂಹಾಸನದ ಕಟಾಂಜನದಿಂದ ಕಿತ್ತ ರತ್ನಖಚಿತ ಚಿನ್ನದ ಹುಲಿತಲೆ ಚಿಕ್ಕದು, ಅವಸರದಲ್ಲಿ ಕಣ್ತಪ್ಪುತ್ತದೆ. ಅಲ್ಲೇ ಇರುವ ಪಲ್ಲಕ್ಕಿಯ ಮುಂದೆ ಮೈಸೂರು ನೆನೆಯಬೇಡಿ, ಅದನ್ನು ಬಂಗಾಳದ ನವಾಬ ಸಿರಾಜ್-ಉದ್-ದೌಲನೊಂದಿಗೆ ಜೋಡಿಸುತ್ತಾರೆ.

ಶ್ರೂಸ್‌ಬರಿಯಿಂದ ವೆಲ್ಷ್‌ಪೂಲ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ನಿಲ್ದಾಣದಿಂದ ಕೋಟೆಗೆ ಏರುದಾರಿ, ನಡಿಗೆಯ ಶೂ ಇರಲಿ. ಕೋಟೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯರಿಗೆ ಪ್ರವೇಶ ಉಚಿತ. ತೋಟ ತೆರೆದಿದ್ದರೂ ಕೋಟೆಯ ಒಳಭಾಗದ ಸಮಯ ಬೇರೆ ಇರಬಹುದು, ಹೊರಡುವ ಮೊದಲು ವೆಬ್‌ಸೈಟ್ ನೋಡಿಕೊಳ್ಳಿ.