ರಾಯಚೂರಿನಿಂದ ಲಂಡನ್: ಶಂಶಾಬಾದಿನ ನೇರ ವಿಮಾನವೋ, ದುಬೈ ಸುತ್ತೋ, ದೇವನಹಳ್ಳಿಯೋ?

ಟಿಕೆಟ್ ನೋಡುವಾಗ ಎಲ್ಲರ ಕಣ್ಣೂ ಹಾರಾಟದ ಗಂಟೆಯ ಮೇಲೆ. ರಾಯಚೂರಿನವರು ಅಷ್ಟನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಮೂರೂ ದಾರಿ ಹಿಡಿದು, ಮನೆ ಬಾಗಿಲಿನಿಂದ ಹೀಥ್ರೋದ ಹೊರಬಾಗಿಲ ತನಕ ಎಣಿಸಿದ್ದು ಇಲ್ಲಿದೆ.

ಹೈದರಾಬಾದಿನ ನೇರ ವಿಮಾನಕ್ಕೆ ಆಕಾಶದ ದೂರ ಸುಮಾರು 7,750 ಕಿ.ಮೀ., ಹತ್ತೂವರೆ ಗಂಟೆ. ಶಂಶಾಬಾದ್ ಇರುವುದು ನಗರದ ದಕ್ಷಿಣಕ್ಕೆ, ಅದೇ ನಮಗೆ ಅನುಕೂಲ. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿ ಮಕ್ತಲ್, ಮೆಹಬೂಬ್‌ನಗರ, ಜಡ್ಚರ್ಲಾ. ಅಲ್ಲಿಂದ 44ನೇ ಹೆದ್ದಾರಿ. ಹೈದರಾಬಾದಿನ ಟ್ರಾಫಿಕ್ಕಿಗೆ ಸಿಗುವ ಮಾತೇ ಇಲ್ಲ. ಕಾರಿಗೆ ನಾಲ್ಕು ಗಂಟೆ, ಚೆಕ್‌ಇನ್ ಮತ್ತು ಇಮಿಗ್ರೇಷನ್‌ಗೆ ಮೂರು, ಹೀಥ್ರೋದಲ್ಲಿ ಬ್ಯಾಗ್ ಹಿಡಿದು ಹೊರಬರಲು ಒಂದೂವರೆ. ಒಟ್ಟು 19 ಗಂಟೆ.

ಅದೇ ಶಂಶಾಬಾದಿನಿಂದ ದುಬೈ ಮೇಲೆ ಹೋದರೆ ದೂರ ಹೆಚ್ಚುವುದು 300 ಕಿ.ಮೀ. ಮಾತ್ರ: ದುಬೈಗೆ 2,550, ಅಲ್ಲಿಂದ ಲಂಡನ್ನಿಗೆ 5,500. ಹಾರಾಟ ನಾಲ್ಕು ಗಂಟೆ, ಆಮೇಲೆ ಏಳೂವರೆ. ಹೊತ್ತು ಹೋಗುವುದು ನಡುವಿನ ಕಾಯುವಿಕೆಯಲ್ಲಿ. ಅದಕ್ಕೆ ಮೂರು ಗಂಟೆ ಹಿಡಿದರೂ, ಕಾರು, ಚೆಕ್‌ಇನ್, ಹೀಥ್ರೋ ಎಲ್ಲ ಸೇರಿ ಒಟ್ಟು 23. ಒಂದೂವರೆ ಗಂಟೆಗಿಂತ ಕಮ್ಮಿ ಅಂತರದ ಟಿಕೆಟ್ ಬೇಡ. ಅಲ್ಲಿ ಮತ್ತೆ ಸೆಕ್ಯುರಿಟಿ ಇದೆ, ಗೇಟೂ ದೂರ. ಎರಡು ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡು ಮೊದಲನೆಯದು ತಡವಾದರೆ ಎರಡನೆಯ ದುಡ್ಡು ಹೋದಂತೆಯೇ. ಬ್ಯಾಗ್ ಬಿಡಿಸಿಕೊಳ್ಳಲು ಹೊರಬರಬೇಕೆಂದರೆ ಯುಎಇ ವೀಸಾದ ಪ್ರಶ್ನೆ ಬೇರೆ. ಇನ್ನೊಂದು ಮಾತು, ಪಾಯಸಕ್ಕೆಂದು ಅವ್ವ ಕಟ್ಟಿಕೊಟ್ಟ ಗಸಗಸೆ ಪೊಟ್ಟಣ ಮನೆಯಲ್ಲೇ ಇರಲಿ. ಯುಎಇಯಲ್ಲಿ ಅದು ನಿಷಿದ್ಧ ವಸ್ತು. ತುಪ್ಪ, ಪೇಢೆಯನ್ನು ಬ್ರಿಟನ್ ಬಿಡುವುದಿಲ್ಲ, ಯಾವ ದಾರಿಯಲ್ಲಿ ಹೋದರೂ.

ದೇವನಹಳ್ಳಿಯಿಂದಲೂ ನೇರ ವಿಮಾನವಿದೆ, ಹತ್ತಿರ ಹತ್ತಿರ ಹನ್ನೊಂದು ಗಂಟೆ. ಆದರೆ ಅನಂತಪುರದ ಮೇಲೆ 400 ಕಿ.ಮೀ. ರಸ್ತೆ, ಎಂಟು ಗಂಟೆ. ಒಟ್ಟು 23 ದಾಟುತ್ತದೆ. ಅಂದರೆ ‘ನೇರ’ ಎಂದು ಹೆಚ್ಚು ದುಡ್ಡು ಕೊಟ್ಟರೂ ದುಬೈ ಸುತ್ತಿದವರಿಗಿಂತ ಮುಂಚೆ ಮುಟ್ಟುವುದಿಲ್ಲ. ಬಳ್ಳಾರಿಯವರಿಗೆ ಇದು ತಿರುಗುಮುರುಗು: ಅವರಿಗೆ ದೇವನಹಳ್ಳಿಯೇ ಹತ್ತಿರ, 300 ಕಿ.ಮೀ. ಆಸುಪಾಸು.

ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ಬೆಳಿಗ್ಗೆ 7.30ಕ್ಕೆ ಬಿಟ್ಟು ಮಧ್ಯಾಹ್ನ 12.30ಕ್ಕೆ ಲಂಡನ್ ಎಂದಿದ್ದರೆ ಐದೇ ಗಂಟೆ ಅಂದುಕೊಳ್ಳಬೇಡಿ; ಚಳಿಗಾಲದಲ್ಲಿ ಐದೂವರೆ ಕೂಡಿಸಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ.

ಮರಳುವಾಗ ಪಶ್ಚಿಮದ ಗಾಳಿ ಬೆನ್ನಿಗಿರುತ್ತದೆ, ಸುಮಾರು ಒಂದು ಗಂಟೆ ಉಳಿತಾಯ. ಕರೆದೊಯ್ಯಲು ಬರುವ ಡ್ರೈವರಿಗೆ ಹೋಗುವಾಗಿನ ಗಂಟೆ ಎಣಿಸಿ ಹೇಳಬೇಡಿ.